‘ನೆವರ್‌ಮೈಂಡ್’: ಡೆಮೊದ ಬಿರುಸು ಆಲ್ಬಮ್‌ನಲ್ಲಿ ಎಲ್ಲಿ ಹೋಯಿತು?

ಪ್ರಶ್ನೆ: ಕಾಲೇಜಿನ ಗೆಳೆಯರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ನಿರ್ವಾಣ ಬ್ಯಾಂಡ್‌ನ ‘ನೆವರ್‌ಮೈಂಡ್’ ಆಲ್ಬಮ್ ನನಗೆ ಬಾಯಿಪಾಠ. ಇತ್ತೀಚೆಗೆ ಅದರ ವಿಸ್ತೃತ ಆವೃತ್ತಿಯಲ್ಲಿರುವ ಹಳೆಯ ಡೆಮೊಗಳನ್ನು (ಆಲ್ಬಮ್‌ಗೆ ಮುಂಚಿನ ಕರಡು ಮುದ್ರಣಗಳನ್ನು) ಕೇಳಿದೆ. ಒರಟಾಗಿದ್ದರೂ ಜೀವ ಅವುಗಳಲ್ಲೇ ಹೆಚ್ಚಿದೆ ಎನ್ನಿಸಿತು. ಆಲ್ಬಮ್ ಮಾಡುವಾಗ ಹಾಡುಗಳನ್ನು ತಿದ್ದಿ ತೀಡಿ ಹಾಳು ಮಾಡಿದರೇ? ನಮ್ಮ ಹಾಡುಗಳನ್ನು ಡೆಮೊ ರೂಪದಲ್ಲೇ ಹೊರತರುವುದು ಒಳ್ಳೆಯದೇ?

ಉತ್ತರ: ಹಾಳು ಮಾಡಲಿಲ್ಲ. ಆದರೆ ನಿಮ್ಮ ಕಿವಿ ಹಿಡಿದ ವ್ಯತ್ಯಾಸ ನಿಜವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ತೊಡಕಿರುವುದು ಡೆಮೊ ಒಂದು ಕಡೆ, ಆಲ್ಬಮ್ ಇನ್ನೊಂದು ಕಡೆ ಎಂದು ಎರಡೇ ರಾಶಿ ಮಾಡಿ ತೂಗುವುದರಲ್ಲಿ. ಅಭ್ಯಾಸದ ಕೋಣೆಯಲ್ಲಿ ಹುಟ್ಟಿದ ಹಾಡು ಅಂಗಡಿಗೆ ಬರುವಷ್ಟರಲ್ಲಿ ಅದರ ಕಟ್ಟು ಬದಲಾಗಿರುತ್ತದೆ, ಕೆಲವೊಮ್ಮೆ ನುಡಿಸುವ ಕೈಯೇ ಬದಲಾಗಿರುತ್ತದೆ, ಮುದ್ರಿಸುವ ಜಾಗ ಬದಲಾಗಿರುತ್ತದೆ, ಕೊನೆಗೆ ಮಿಕ್ಸಿಂಗ್ (ಬೇರೆ ಬೇರೆಯಾಗಿ ಮುದ್ರಿಸಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ) ಮಾಡುವವರ ಅಭಿರುಚಿಯೂ ಬಂದು ಸೇರಿರುತ್ತದೆ. ಇವುಗಳಲ್ಲಿ ಯಾವುದು ನಿಮಗೆ ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ಬಿಡಿಸಿ ನೋಡಿದರೆ ಮಾತ್ರ ನಿಮ್ಮ ಬ್ಯಾಂಡಿಗೆ ಉಪಯೋಗವಾಗುವ ಉತ್ತರ ಸಿಗುತ್ತದೆ.

‘ನೆವರ್‌ಮೈಂಡ್’ ಮಟ್ಟಿಗೆ ನಮಗೊಂದು ಅಪರೂಪದ ಅನುಕೂಲವಿದೆ. ಅದರ ಬೇರೆ ಬೇರೆ ಹಂತಗಳ ಟೇಪುಗಳು ಉಳಿದುಕೊಂಡಿವೆ. ಆಲ್ಬಮ್‌ಗೆ ಇಪ್ಪತ್ತು ವರ್ಷ ತುಂಬಿದಾಗ, 2011ರಲ್ಲಿ, ಅವು ಬಿಡುಗಡೆಯೂ ಆದವು. ಎರಡು ಸಿಡಿಗಳ ಆವೃತ್ತಿಯಲ್ಲಿ ಎರಡು ಬಗೆಯ ಡೆಮೊಗಳಿವೆ. ಒಂದು, ಕ್ಯಾಸೆಟ್ ಪ್ಲೇಯರ್‌ನಲ್ಲಿ ಹಿಡಿದ ಅಭ್ಯಾಸದ ಮುದ್ರಣ. ಇನ್ನೊಂದು, ಮ್ಯಾಡಿಸನ್ ಪಟ್ಟಣದ ಸ್ಮಾರ್ಟ್ ಸ್ಟುಡಿಯೊದಲ್ಲಿ 1990ರಲ್ಲಿ ಆದ ಮುದ್ರಣ. ದೊಡ್ಡ ಪೆಟ್ಟಿಗೆಯ ಆವೃತ್ತಿಯಲ್ಲಿ ಮೂರನೆಯದೊಂದಿದೆ: ‘ಡೆವನ್‌ಶೈರ್ ಮಿಕ್ಸ್’. ನೀವು ಕೇಳಿರುವುದು ಎರಡು ಸಿಡಿಗಳ ಆವೃತ್ತಿಯಾದರೆ ಈ ಮೂರನೆಯದು ನಿಮ್ಮ ಕಿವಿಗೆ ಬಿದ್ದಿಲ್ಲ. ನಿಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರದ ಉತ್ತರ ಇರುವುದು ಅದರಲ್ಲೇ. ಅಲ್ಲಿಗೆ ಬರುತ್ತೇನೆ.

ಮೊದಲು ಒಂದು ಕೆಲಸ ಮಾಡಿ: ಹೋಲಿಸುವ ಎರಡು ಮುದ್ರಣಗಳ ಶಬ್ದದ ಮಟ್ಟವನ್ನು ಸಮ ಮಾಡಿಕೊಳ್ಳಿ. ನಮ್ಮ ಕಿವಿಯ ಸ್ವಭಾವವೇ ಹೀಗೆ. ಶಬ್ದ ಸ್ವಲ್ಪ ಜೋರಾದರೂ ಕೆಳಗಿನ ಬಾಸ್ ಮತ್ತು ಮೇಲಿನ ಚುರುಕು ಎರಡೂ ಹೆಚ್ಚಿದಂತೆ ಕೇಳಿಸುತ್ತದೆ, ಜೋರಾದದ್ದೇ ಚೆನ್ನಾಗಿದೆ ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. 1991ರ ಮೂಲ ಸಿಡಿಗಿಂತ 2011ರ ಮರುಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ಶಬ್ದವನ್ನು ಮತ್ತೆ ಹದಗೊಳಿಸಿದ ಪ್ರತಿ) ಜೋರಾಗಿದೆ. ಹಾಗಾಗಿ ಆಲ್ಬಮ್‌ನ ಯಾವ ಪ್ರತಿಯನ್ನು ಕೇಳುತ್ತಿದ್ದೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗುಂಡಿ ತಿರುಗಿಸಿ, ಗಾಯಕನ ದನಿ ಎರಡರಲ್ಲೂ ಒಂದೇ ಎತ್ತರದಲ್ಲಿ ಕೇಳುವಂತೆ ಮಾಡಿಕೊಂಡರೆ ಸಾಕು. ಎಷ್ಟೋ ‘ಜೀವ’ ಈ ಒಂದು ಹೆಜ್ಜೆಗೇ ಕರಗಿಹೋಗುತ್ತದೆ. ಅದಾದ ಮೇಲೂ ಉಳಿದ ವ್ಯತ್ಯಾಸವೇ ಚರ್ಚೆಗೆ ಯೋಗ್ಯವಾದದ್ದು.

ಈಗ ಕ್ಯಾಸೆಟ್ ಡೆಮೊ. 1991ರ ಆರಂಭದಲ್ಲಿ ಗಾಯಕ-ಗಿಟಾರ್ ವಾದಕ ಕರ್ಟ್ ಕೊಬೇನ್, ಬಾಸ್ ವಾದಕ ಕ್ರಿಸ್ಟ್ ನೊವೊಸೆಲಿಚ್ ಮತ್ತು ಹೊಸದಾಗಿ ಸೇರಿದ್ದ ಡ್ರಮ್ಮರ್ ಡೇವ್ ಗ್ರೋಲ್ ತಮ್ಮ ಅಭ್ಯಾಸವನ್ನು ಒಂದು ಕ್ಯಾಸೆಟ್ ಪ್ಲೇಯರ್‌ನಲ್ಲಿ ಹಿಡಿದು ನಿರ್ಮಾಪಕ ಬುಚ್ ವಿಗ್‌ಗೆ ಕಳಿಸಿದರು. ಶಬ್ದ ಎಷ್ಟು ಒಡೆದಿತ್ತೆಂದರೆ ಹಾಡಿನ ಮಾತು ಕೇಳುವುದೇ ಕಷ್ಟ. ಆದರೂ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಎಂಥ ಹಾಡೆಂದು ವಿಗ್‌ಗೆ ಆ ಗದ್ದಲದಲ್ಲೇ ತಿಳಿಯಿತು. ನಿಮಗೆ ಇಲ್ಲಿ ಸಿಕ್ಕ ರಭಸಕ್ಕೆ ಒಂದು ಯಾಂತ್ರಿಕ ಕಾರಣವೂ ಇದೆ. ಒಳಗೇ ಮೈಕ್ ಇರುವ ಅಂಥ ಕ್ಯಾಸೆಟ್ ಯಂತ್ರಗಳಲ್ಲಿ ಶಬ್ದದ ಮಟ್ಟವನ್ನು ತಾನಾಗಿಯೇ ಹಿಡಿತದಲ್ಲಿಡುವ ಏರ್ಪಾಡು ಇರುತ್ತದೆ. ಡ್ರಮ್ಸ್ ಏಟು ಬಿದ್ದ ಕೂಡಲೇ ಅದು ಎಲ್ಲವನ್ನೂ ಅದುಮುತ್ತದೆ, ಏಟಿನ ಸದ್ದು ಅಡಗುತ್ತಿದ್ದಂತೆ ಮತ್ತೆ ಮೇಲೆತ್ತುತ್ತದೆ. ಗಿಟಾರ್, ಸಿಂಬಲ್, ಕೋಣೆಯ ಗೋಡೆ ಎಲ್ಲವೂ ಉಸಿರು ಬಿಡುತ್ತಿರುವಂತೆ ಕೇಳುವುದು ಇದರಿಂದಲೇ. ಅದರ ಮೇಲೆ ಟೇಪ್ ತನ್ನ ತಾಳುವ ಮಿತಿ ಮೀರಿ ಒಡೆಯುತ್ತದೆ. ದೊಡ್ಡ ಸ್ಟುಡಿಯೊಗಳು ಬೆಲೆಬಾಳುವ ಕಂಪ್ರೆಸರ್ ಇಟ್ಟು ಮಾಡುವ ಕೆಲಸವನ್ನೇ ಈ ಅಗ್ಗದ ಯಂತ್ರ ಹೇಳದೆ ಕೇಳದೆ, ಒರಟಾಗಿ ಮಾಡಿಟ್ಟಿರುತ್ತದೆ. ಕಚ್ಚಾ ಎಂದು ನಾವು ಮೆಚ್ಚುವ ಆ ಸದ್ದು ಕಚ್ಚಾ ಅಲ್ಲವೇ ಅಲ್ಲ; ಆಲ್ಬಮ್‌ಗಿಂತ ಹೆಚ್ಚು ಅದುಮಿಸಿಕೊಂಡ ಸದ್ದು ಅದು. ಇದನ್ನು ಮೆಚ್ಚುವುದರಲ್ಲಿ ತಪ್ಪೇನೂ ಇಲ್ಲ. ನಾನೂ ಮೆಚ್ಚುತ್ತೇನೆ. ಆದರೆ ಅದನ್ನು ಬ್ಯಾಂಡಿನ ಪ್ರಾಮಾಣಿಕತೆ ಎಂದು ಭಾವಿಸಿದರೆ ಯಂತ್ರದ ಗುಣವನ್ನು ಮನುಷ್ಯರ ಖಾತೆಗೆ ಬರೆದಂತಾಗುತ್ತದೆ.

ಆ ಕ್ಯಾಸೆಟ್ಟಿನಲ್ಲಿ ಹಾಡಿನ ಸಾಹಿತ್ಯ ಇನ್ನೂ ಪೂರ್ತಿಯಾಗಿರಲಿಲ್ಲ ಎನ್ನುವುದನ್ನೂ ಗಮನಿಸಿ. ಲಾಸ್ ಏಂಜಲೀಸ್‌ನಲ್ಲಿ ಮುದ್ರಣಕ್ಕೆ ಮೊದಲು ನಡೆದ ಅಭ್ಯಾಸದಲ್ಲಿ ವಿಗ್ ಕೆಲವು ಸಲಹೆ ಕೊಟ್ಟರು. ಪಲ್ಲವಿಯ ಉದ್ದ ಕತ್ತರಿಸಿದ್ದು, ಗಿಟಾರಿನ ಒಂದು ಚಿಕ್ಕ ತುಣುಕನ್ನು ಪಲ್ಲವಿಯೊಳಕ್ಕೆ ಸರಿಸಿದ್ದು ಆ ಹಂತದಲ್ಲೇ. ಇಂಥ ತಿದ್ದುಪಡಿ ಪಾಲಿಷ್ ಅಲ್ಲ, ಬರವಣಿಗೆ. ಆಲ್ಬಮ್‌ನ ಈ ಹಾಡು ಕ್ಯಾಸೆಟ್ಟಿನದಕ್ಕಿಂತ ಬಿಗಿಯಾಗಿ ಕೇಳುವುದರಲ್ಲಿ ಬಹುಪಾಲು ಈ ಕತ್ತರಿಯ ಕೆಲಸ. ಸ್ಟುಡಿಯೊದಲ್ಲಿ ಅದರ ಮೂಲ ಟ್ರ್ಯಾಕನ್ನು (ಉಳಿದೆಲ್ಲದಕ್ಕೂ ಬುನಾದಿಯಾಗುವ ಮುದ್ರಣವನ್ನು) ಮೂರೇ ಸಲ ನುಡಿಸಿ, ಎರಡನೆಯದನ್ನು ಆರಿಸಿಕೊಂಡರು. ಆ ನುಡಿಸಾಣಿಕೆಯನ್ನು ಉಜ್ಜಿ ಉಜ್ಜಿ ಜೀವ ತೆಗೆದರು ಎನ್ನಲು ಆಧಾರವೇ ಇಲ್ಲ.

ಸ್ಮಾರ್ಟ್ ಸ್ಟುಡಿಯೊದ ಮುದ್ರಣದ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ನನಗೆ ಇಡೀ ಸಂಗ್ರಹದಲ್ಲಿ ಅತ್ಯಂತ ಪ್ರಿಯವಾದದ್ದು ಇದು. 1990ರ ಏಪ್ರಿಲ್ ಮೊದಲ ವಾರ, ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್. ಆಗ ನಿರ್ವಾಣ ಇದ್ದದ್ದು ಸಿಯಾಟಲ್‌ನ ಸಬ್ ಪಾಪ್ ಎಂಬ ಚಿಕ್ಕ ಸಂಸ್ಥೆಯಲ್ಲಿ. ಮೊದಲ ಆಲ್ಬಮ್ ‘ಬ್ಲೀಚ್’ 606 ಡಾಲರ್ 17 ಸೆಂಟ್ ಖರ್ಚಿನಲ್ಲಿ ಮುಗಿದಿತ್ತು. ಆ ಲೆಕ್ಕವನ್ನು ಹೊದಿಕೆಯ ಮೇಲೇ ಅಚ್ಚು ಹಾಕಿಸಿದ್ದರು. ಸ್ಮಾರ್ಟ್‌ಗೆ ಹೋದದ್ದು ಡೆಮೊ ಮಾಡಲು ಅಲ್ಲ, ಸಬ್ ಪಾಪ್‌ಗಾಗಿ ಎರಡನೇ ಆಲ್ಬಮ್ ಮಾಡಲು. ಡ್ರಮ್ಸ್‌ನಲ್ಲಿ ಚಾಡ್ ಚಾನಿಂಗ್, ನಿರ್ಮಾಪಕ ಅದೇ ಬುಚ್ ವಿಗ್. ‘ಲಿಥಿಯಂ’ ಹಾಡುವಾಗ ಕೊಬೇನ್ ಗಂಟಲು ಸೋತು ಕೆಲಸ ನಿಂತಿತು, ಬ್ಯಾಂಡ್ ಪ್ರವಾಸಕ್ಕೆ ಹೊರಟಿತು. ಆಮೇಲೆ ಚಾನಿಂಗ್ ಹೊರಬಿದ್ದರು, ಗ್ರೋಲ್ ಬಂದರು. ಅಪೂರ್ಣವಾಗಿ ಉಳಿದ ಆ ಟೇಪ್ ದೊಡ್ಡ ಕಂಪನಿಗಳ ಕೈಯಿಂದ ಕೈಗೆ ಓಡಾಡಿತು. ಹೀಗೆ ಆಲ್ಬಮ್ ಆಗಬೇಕಿದ್ದದ್ದು ಪರಿಸ್ಥಿತಿಯ ಕಾರಣದಿಂದ ಡೆಮೊ ಆಯಿತು. ‘ಒರಟು’ ಎಂಬ ವಿಶೇಷಣ ಇದಕ್ಕೆ ಸಲ್ಲುವುದೇ ಇಲ್ಲ. ಮೈಕುಗಳನ್ನು ಎಚ್ಚರದಿಂದ ಇಟ್ಟು, ದನಿ, ವಾದ್ಯಗಳನ್ನು ಬೇರೆ ಬೇರೆ ಸಾಲುಗಳಲ್ಲಿ ಹಿಡಿಯುವ ಹದಿನಾರು ಟ್ರ್ಯಾಕ್ ಟೇಪಿನ ಮೇಲೆ ಹಿಡಿದ ಮುದ್ರಣ ಇದು.

‘ಇನ್ ಬ್ಲೂಮ್’ ಹಾಡಿನ ಎರಡೂ ರೂಪಗಳನ್ನು ಒಂದರ ಹಿಂದೆ ಒಂದು ಹಾಕಿ. ಹಾಡಿನ ಕಟ್ಟು ಬಹುಮಟ್ಟಿಗೆ ಒಂದೇ. ಮ್ಯಾಡಿಸನ್‌ನಲ್ಲಿ ಮೊದಲು ಮುದ್ರಿಸಿದಾಗ ಈ ಹಾಡಿಗೆ ಇನ್ನೊಂದು ಮಧ್ಯಭಾಗವಿತ್ತು. ಕೇಳಿ ನೋಡಿದ ಕೊಬೇನ್‌ಗೆ ಅದು ಒಪ್ಪಿಗೆಯಾಗಲಿಲ್ಲ. ವಿಗ್ ಬ್ಲೇಡ್ ತೆಗೆದುಕೊಂಡು ಮೂಲ ಟೇಪಿನಿಂದಲೇ ಆ ಭಾಗವನ್ನು ಕತ್ತರಿಸಿ ತೆಗೆದರು. ಕಂಪ್ಯೂಟರ್‌ನಲ್ಲಿ ಹಿಂದಕ್ಕೆ ಮರಳುವ ಗುಂಡಿ ಇಲ್ಲದ ಕಾಲ ಅದು, ಕತ್ತರಿಸಿದ್ದು ಹೋಯಿತು. ಹಾಗಾಗಿ ಈ ಹಾಡಿನ ಅತಿ ದೊಡ್ಡ ತಿದ್ದುಪಡಿ ನಡೆದದ್ದು ನೀವು ತಿದ್ದಿಲ್ಲವೆಂದು ಮೆಚ್ಚಿದ ಡೆಮೊದಲ್ಲೇ.

ಇನ್ನು ಡ್ರಮ್ಸ್. ಹಾಡಿನ ಆರಂಭದಲ್ಲಿ ಉರುಳಿ ಬರುವ ಆ ಪ್ರಸಿದ್ಧ ಏಟುಗಳನ್ನು ಕಲ್ಪಿಸಿದವರು ಚಾನಿಂಗ್. ಗ್ರೋಲ್ ಆ ವಿನ್ಯಾಸವನ್ನು ಬಹುಪಾಲು ಹಾಗೇ ಉಳಿಸಿಕೊಂಡರು. 2014ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸ್ವೀಕರಿಸುವಾಗ ವೇದಿಕೆಯಿಂದಲೇ ಇದನ್ನು ಹೇಳಿ ಚಾನಿಂಗ್‌ಗೆ ಕೃತಜ್ಞತೆ ಸಲ್ಲಿಸಿದರು. ಆ ಮಾತು ಬೇಕಾಗಿತ್ತು. ವಿನ್ಯಾಸ ಒಂದೇ ಆದರೂ ಕೈ ಬೇರೆ. ಚಾನಿಂಗ್ ಏಟಿಗೆ ಒಂದು ಹಗುರವಿದೆ, ಲಯ ಸ್ವಲ್ಪ ತೂಗುತ್ತದೆ, ಗಿಟಾರ್ ಮುಂದೆ ನಿಂತು ಹಾಡನ್ನು ಎಳೆಯುತ್ತದೆ. ಗ್ರೋಲ್ ಅದೇ ಜಾಗದಲ್ಲಿ ಎರಡರಷ್ಟು ಭಾರ ಹಾಕಿ ಹೊಡೆಯುತ್ತಾರೆ. ಅಲ್ಲಿಗೆ ಹಾಡಿನ ಬೆನ್ನೆಲುಬು ಗಿಟಾರಿನಿಂದ ಡ್ರಮ್ಸ್‌ಗೆ ಬರುತ್ತದೆ. ‘ಇಮ್ಮೋಡಿಯಂ’ ಎಂದು ಡೆಮೊದಲ್ಲಿರುವ ಹಾಡು ಆಲ್ಬಮ್‌ನಲ್ಲಿ ‘ಬ್ರೀಡ್’ ಆಯಿತು. ಅದರಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ನನ್ನ ತೀರ್ಪು: ‘ಬ್ರೀಡ್’ ಮತ್ತು ‘ಲಿಥಿಯಂ’ ಎರಡರಲ್ಲೂ ಆಲ್ಬಮ್ ಗೆಲ್ಲುತ್ತದೆ. ಗೆಲ್ಲಿಸಿದ್ದು ಸ್ಟುಡಿಯೊದ ಹೊಳಪಲ್ಲ, ಡ್ರಮ್ಮರ್. ‘ಸ್ಟೇ ಅವೇ’ ಹಾಡಿನಲ್ಲಿ ಮಾತ್ರ ನನ್ನ ಮನಸ್ಸು ಡೆಮೊ ಕಡೆಗೆ ವಾಲುತ್ತದೆ. ಆಗ ಅದರ ಹೆಸರು ‘ಪೇ ಟು ಪ್ಲೇ’. ಕ್ಲಬ್ಬುಗಳಲ್ಲಿ ನುಡಿಸಲು ಬ್ಯಾಂಡುಗಳೇ ದುಡ್ಡು ತೆರಬೇಕಾಗಿದ್ದ ಪದ್ಧತಿಯ ಮೇಲಿನ ಸಿಟ್ಟು ಆ ಹೆಸರಿನಲ್ಲಿತ್ತು. ಸಾಹಿತ್ಯ ಬದಲಾದಾಗ ಆ ಸಿಟ್ಟಿಗಿದ್ದ ಗುರಿ ತಪ್ಪಿತು ಎಂದು ನನಗನ್ನಿಸುತ್ತದೆ.

ಮುಂದಿನ ಮುದ್ರಣ 1991ರ ಮೇ ತಿಂಗಳಲ್ಲಿ, ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಭಾಗದಲ್ಲಿದ್ದ ಸೌಂಡ್ ಸಿಟಿ ಸ್ಟುಡಿಯೊದಲ್ಲಿ. ಹೊಸ ಕಂಪನಿ ಡಿಜಿಸಿ ಕೊಟ್ಟ ಆರಂಭದ ಬಜೆಟ್ 65,000 ಡಾಲರ್. ಸ್ಟುಡಿಯೊ ಹಳೆಯದು, ಆದರೆ ಅಲ್ಲಿನ ನೀವ್ ಕಂಪನಿಯ ಮಿಕ್ಸಿಂಗ್ ಕನ್ಸೋಲ್ ಮತ್ತು ಡ್ರಮ್ಸ್‌ಗೆ ಹೇಳಿ ಮಾಡಿಸಿದಂಥ ಕೋಣೆಗೆ ದೊಡ್ಡ ಹೆಸರಿತ್ತು. ಇಲ್ಲಿ ವಿಗ್ ಮಾಡಿದ ಕೆಲವು ಕೆಲಸಗಳನ್ನು ಪಾಲಿಷ್ ಎಂದು ಕರೆಯಬಹುದು. ಕೊಬೇನ್‌ಗೆ ಒಂದೇ ಹಾಡನ್ನು ಎರಡು ಸಲ ಹಾಡಿ ದನಿಗಳನ್ನು ಒಂದರ ಮೇಲೊಂದು ಕೂರಿಸುವುದು ಇಷ್ಟವಿರಲಿಲ್ಲ, ಅದು ಮೋಸವೆನ್ನಿಸುತ್ತಿತ್ತು. ಜಾನ್ ಲೆನನ್ ಕೂಡ ಹೀಗೇ ಮಾಡುತ್ತಿದ್ದರು ಎಂದು ವಿಗ್ ಹೇಳಿ ಒಪ್ಪಿಸಿದರು. ಹಿಂದಿನ ಟೇಕ್ ಸರಿ ಬಂದಿಲ್ಲ, ಇನ್ನೊಮ್ಮೆ ಎಂದು ನೆಪ ಹೇಳಿಯೂ ಪದರಗಳನ್ನು ಸಂಗ್ರಹಿಸಿದರು. ‘ಲಿಥಿಯಂ’ ನುಡಿಸುವಾಗ ವೇಗ ತಾನಾಗಿ ಏರುತ್ತಿದ್ದುದರಿಂದ ಗ್ರೋಲ್ ಕ್ಲಿಕ್ ಟ್ರ್ಯಾಕ್ (ವೇಗ ಕಾಯುವ ಸಮನಾದ ಟಕ್‌ಟಕ್ ಸದ್ದು) ಕೇಳಿಕೊಂಡು ನುಡಿಸಬೇಕಾಯಿತು. ಅದೇ ಹಾಡಿನ ಒಂದು ವಿಫಲ ಯತ್ನದಲ್ಲಿ ತಾಳ್ಮೆ ಕಳೆದುಕೊಂಡು ಬ್ಯಾಂಡ್ ಸ್ಫೋಟಿಸಿದ ಗದ್ದಲವೇ ‘ಎಂಡ್‌ಲೆಸ್, ನೇಮ್‌ಲೆಸ್’. ಅದನ್ನು ಆಲ್ಬಮ್‌ನ ಕೊನೆಯಲ್ಲಿ, ಸುಮಾರು ಹತ್ತು ನಿಮಿಷಗಳ ಮೌನದ ನಂತರ ಗುಟ್ಟಾಗಿ ಸೇರಿಸಿದರು.

ಇದೇ ಸ್ಟುಡಿಯೊದಲ್ಲಿ ಇನ್ನೊಂದು ನಡೆಯಿತು. ‘ಸಂಥಿಂಗ್ ಇನ್ ದ ವೇ’ ಹಾಡನ್ನು ಬ್ಯಾಂಡ್ ಎಲ್ಲ ಸೇರಿ ನುಡಿಸಲು ಹೋದಾಗ ಕೂಡಿಬರಲಿಲ್ಲ. ಹೇಗಿರಬೇಕು ಹೇಳಿ ಎಂದು ವಿಗ್ ಕೇಳಿದಾಗ ಕೊಬೇನ್ ಕಂಟ್ರೋಲ್ ರೂಮಿನ ಸೋಫಾದ ಮೇಲೆ ಮಲಗಿಕೊಂಡು, ಶ್ರುತಿ ನಿಲ್ಲದ ಐದು ತಂತಿಯ ಗಿಟಾರ್ ಮೀಟುತ್ತ, ಪಿಸುಮಾತಿನಷ್ಟು ಮೆಲ್ಲಗೆ ಹಾಡಿ ತೋರಿಸಿದರು. ವಿಗ್ ಫ್ಯಾನು, ಫೋನು ಎಲ್ಲ ನಿಲ್ಲಿಸಿ ಮೈಕುಗಳನ್ನು ಅಲ್ಲಿಗೇ ತಂದು ಮುದ್ರಿಸಿದರು. ಬಾಸ್, ಡ್ರಮ್ಸ್, ಚೆಲ್ಲೊ ಎಲ್ಲವೂ ಆಮೇಲೆ, ಆ ತಪ್ಪು ಶ್ರುತಿಗೆ ಹೊಂದಿಕೊಂಡು ಸೇರಿದವು. ಪಾಲಿಷ್ ಮಾಡಿದ ಆಲ್ಬಮ್‌ನ ಹೊಟ್ಟೆಯಲ್ಲಿ ಹೀಗೊಂದು ಡೆಮೊ ಕುಳಿತಿದೆ.

ಈಗ ಡೆವನ್‌ಶೈರ್. ಮುದ್ರಣ ಮುಗಿದ ಮೇಲೆ ಡೆವನ್‌ಶೈರ್ ಸ್ಟುಡಿಯೊದಲ್ಲಿ ವಿಗ್ ತಾವೇ ಮಿಕ್ಸ್ ಮಾಡಿದರು. ಫಲಿತಾಂಶ ಯಾರಿಗೂ ಪೂರ್ತಿ ತೃಪ್ತಿ ಕೊಡಲಿಲ್ಲ. ಕಂಪನಿ ಮಿಕ್ಸಿಂಗ್ ತಂತ್ರಜ್ಞರ ಪಟ್ಟಿಯೊಂದನ್ನು ಕೊಟ್ಟಾಗ, ಸ್ಲೇಯರ್ ಎಂಬ ಬಿರುಸಿನ ಮೆಟಲ್ ಬ್ಯಾಂಡಿನ ಜೊತೆ ಕೆಲಸ ಮಾಡಿದವರೆಂಬ ಕಾರಣಕ್ಕೆ ಕೊಬೇನ್ ಆಂಡಿ ವಾಲೇಸ್ ಹೆಸರಿಗೆ ಬೆರಳಿಟ್ಟರು. ಅಂಗಡಿಗೆ ಬಂದದ್ದು ವಾಲೇಸ್ ಮಿಕ್ಸ್. ಈ ಎರಡರಲ್ಲೂ ನುಡಿಸಾಣಿಕೆ ಒಂದೇ, ಟೇಪ್ ಒಂದೇ, ಕೋಣೆ ಒಂದೇ. ಬದಲಾದದ್ದು ಮಿಕ್ಸ್ ಮಾತ್ರ. ಪಾಲಿಷ್ ಎಂದರೆ ಏನೆಂದು ಪ್ರತ್ಯೇಕಿಸಿ ಕೇಳಲು ಇದಕ್ಕಿಂತ ಒಳ್ಳೆಯ ಅವಕಾಶ ರಾಕ್ ಸಂಗೀತದಲ್ಲಿ ಕಡಿಮೆ.

ನಾನು ಕೇಳಿಸಿಕೊಂಡಂತೆ, ವಿಗ್ ಮಿಕ್ಸ್‌ನಲ್ಲಿ ಡ್ರಮ್ಸ್ ಒಣಗಿದ ಹಾಗೆ, ಅಂದರೆ ಮಾರ್ದನಿ ಇಲ್ಲದೆ, ಕೈಗೆಟುಕುವ ದೂರದಲ್ಲಿವೆ. ಗಿಟಾರುಗಳು ಒರಟಾಗಿ ಮುಂದೆ ನಿಂತಿವೆ. ವಾಲೇಸ್ ಡ್ರಮ್ಸ್‌ಗೆ ಮೊದಲೇ ಮುದ್ರಿಸಿಟ್ಟ ಏಟುಗಳ ಸದ್ದನ್ನೂ ಡಿಜಿಟಲ್ ಅನುರಣನವನ್ನೂ (ಯಂತ್ರ ಕೂಡಿಸುವ ಮಾರ್ದನಿಯನ್ನೂ) ಬೆರೆಸಿ ಕೋಣೆಯನ್ನು ದೊಡ್ಡದು ಮಾಡಿದರು. ಬಾಸ್ ಮತ್ತು ಡ್ರಮ್ಸ್ ಹಾಡಿನ ತಳವನ್ನು ಹಿಡಿದವು, ದನಿ ನಡುವೆ ಸ್ಪಷ್ಟವಾಗಿ ನಿಂತಿತು, ಚರಣದ ಮೆಲುದನಿಯಿಂದ ಪಲ್ಲವಿಯ ಅಬ್ಬರಕ್ಕೆ ಹಾರುವ ಜಿಗಿತ ಹೆಚ್ಚಾಯಿತು. ‘ಡ್ರೇನ್ ಯೂ’ ಹಾಡನ್ನು ಎರಡರಲ್ಲೂ ಕೇಳಿ. ಗಿಟಾರಿನ ಪದರಗಳು ವಿಗ್ ಮಿಕ್ಸ್‌ನಲ್ಲಿ ಒಂದಕ್ಕೊಂದು ಉಜ್ಜಾಡುತ್ತವೆ. ವಾಲೇಸ್ ಮಿಕ್ಸ್‌ನಲ್ಲಿ ಪ್ರತಿಯೊಂದಕ್ಕೂ ಅದರದೇ ಜಾಗವಿದೆ. ನಿಮ್ಮನ್ನು ಆಲ್ಬಮ್‌ನಿಂದ ದೂರ ತಳ್ಳಿದ್ದು ಈ ಕೊನೆಯ ಹಂತದ ಹೊಳಪೇ ಇರಬೇಕು ಎಂದು ನನ್ನ ಊಹೆ. ಡೆವನ್‌ಶೈರ್ ಮಿಕ್ಸ್ ನಿಮಗೆ ಡೆಮೊಗಳಿಗಿಂತ ಹೆಚ್ಚು ಹಿಡಿಸಿದರೆ, ನೀವು ಹುಡುಕುತ್ತಿದ್ದದ್ದು ಡೆಮೊ ಅಲ್ಲ, ಒಣ ಮಿಕ್ಸ್ ಎಂದು ಖಚಿತವಾಗುತ್ತದೆ.

ಈ ದೂರಿನಲ್ಲಿ ನೀವು ಒಂಟಿಯಲ್ಲ. 1991ರ ಸೆಪ್ಟೆಂಬರ್ 24ರಂದು ಬಿಡುಗಡೆಯಾದ ಆಲ್ಬಮ್ 1992ರ ಜನವರಿಯಲ್ಲಿ ಮೈಕಲ್ ಜಾಕ್ಸನ್‌ರ ‘ಡೇಂಜರಸ್’ ಅನ್ನು ಕೆಳಗಿಳಿಸಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಆಮೇಲೆ ಕೊಬೇನ್, ಇದು ಪಂಕ್ (ಒರಟು, ಸರಳ ರಾಕ್) ಆಲ್ಬಮ್‌ಗಿಂತ ಮಾಟ್ಲಿ ಕ್ರೂ ಎಂಬ ಥಳುಕಿನ ಮೆಟಲ್ ಬ್ಯಾಂಡಿನ ಆಲ್ಬಮ್‌ಗೆ ಹತ್ತಿರವಾಗಿದೆ ಎಂದು ಮುಜುಗರಪಟ್ಟುಕೊಂಡರು. ಮುಂದಿನ ಆಲ್ಬಮ್ ‘ಇನ್ ಯೂಟೆರೊ’ಗೆ, ಕಚ್ಚಾ ಸದ್ದಿಗೆ ಹೆಸರಾದ ಮುದ್ರಣ ತಂತ್ರಜ್ಞ ಸ್ಟೀವ್ ಆಲ್ಬಿನಿಯವರನ್ನು ಕರೆದು, 1993ರ ಫೆಬ್ರವರಿಯಲ್ಲಿ ಮಿನೆಸೋಟಾದಲ್ಲಿ ಎರಡೇ ವಾರಗಳೊಳಗೆ ಮುಗಿಸಿದರು. ಆಲ್ಬಿನಿ ರಾಯಧನ ಬೇಡವೆಂದು ಒಂದೇ ಸಲದ ಸಂಭಾವನೆ ಪಡೆದರು. ಅವರ ಬಗ್ಗೆ ನನಗಿರುವ ಗೌರವಕ್ಕೆ ಇದೂ ಒಂದು ಕಾರಣ. ಆದರೆ ಅದರಲ್ಲೂ ‘ಹಾರ್ಟ್-ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’ ಹಾಡುಗಳನ್ನು ಕೊನೆಗೆ ನಿರ್ಮಾಪಕ ಸ್ಕಾಟ್ ಲಿಟ್ ಕೈಯಲ್ಲಿ ಮತ್ತೆ ಮಿಕ್ಸ್ ಮಾಡಿಸಲಾಯಿತು. ಕೊಬೇನ್‌ರ ಮುಜುಗರ ಪ್ರಾಮಾಣಿಕವಾದದ್ದೆಂದು ನಾನು ನಂಬುತ್ತೇನೆ. ಆದರೂ ವಾಲೇಸ್ ಮಿಕ್ಸ್ ಇಲ್ಲದಿದ್ದರೆ ಆ ಹಾಡುಗಳು ರೇಡಿಯೊದ ಚಿಕ್ಕ ಸ್ಪೀಕರಿನಲ್ಲಿ ಅಷ್ಟು ಬಲವಾಗಿ ನಿಲ್ಲುತ್ತಿರಲಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ‘ಪಾಲಿ’ ಹಾಡು ದಾರಿ ತೋರಿಸುತ್ತದೆ. ಆಲ್ಬಮ್‌ನಲ್ಲಿರುವ ‘ಪಾಲಿ’ ಸೌಂಡ್ ಸಿಟಿಯದಲ್ಲ. 1990ರಲ್ಲಿ ಮ್ಯಾಡಿಸನ್‌ನಲ್ಲಿ ಹಿಡಿದದ್ದನ್ನೇ ಹೊಸದಾಗಿ ಮಿಕ್ಸ್ ಮಾಡಿ ಸೇರಿಸಿದ್ದಾರೆ. ಅಗ್ಗದ, ಹಳೆ ತಂತಿಯ ಗಿಟಾರ್. ಅಲ್ಲಲ್ಲಿ ಚಾನಿಂಗ್‌ರ ಸಿಂಬಲ್. ಆ ಸಿಂಬಲ್‌ಗಾಗಿ ಆಲ್ಬಮ್ ಮೇಲೆ ಅವರ ಹೆಸರನ್ನೂ ಹಾಕಿರಲಿಲ್ಲ, ಅದು ಸರಿಯಲ್ಲ. ಮೂರನೇ ಚರಣಕ್ಕೆ ಮುಂಚೆ ಕೊಬೇನ್ ಅವಸರಪಟ್ಟು ಎರಡು ಪದ ಹಾಡಿ ತಟ್ಟನೆ ನಿಲ್ಲಿಸುತ್ತಾರೆ, ಆಮೇಲೆ ಸರಿಯಾದ ಜಾಗದಲ್ಲಿ ಎತ್ತಿಕೊಳ್ಳುತ್ತಾರೆ. ಆ ತಪ್ಪನ್ನು ಹಾಗೇ ಬಿಟ್ಟರು. ವರ್ಷದ ನಂತರ ದೊಡ್ಡ ಸ್ಟುಡಿಯೊ, ಹೊಸ ಡ್ರಮ್ಮರ್, ಕೈತುಂಬ ದುಡ್ಡು ಇದ್ದಾಗಲೂ ಈ ಹಾಡಿಗೆ ಹಳೆಯ ಮುದ್ರಣವೇ ಸರಿ ಎಂದು ನಿರ್ಧರಿಸಿದರು. ಪ್ರತಿ ಹಾಡಿಗೂ ಬೇರೆ ಬೇರೆ ತೀರ್ಮಾನ ಮಾಡಿದರು ಎನ್ನುವುದು ಇಲ್ಲಿ ಮುಖ್ಯ.

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಹೊರತಂದ ‘ನೆಬ್ರಾಸ್ಕಾ’ ಪೂರ್ತಿ ಆಲ್ಬಮ್ಮೇ ಹೀಗಾಯಿತು. ಮನೆಯಲ್ಲಿ ನಾಲ್ಕು ಟ್ರ್ಯಾಕ್ ಕ್ಯಾಸೆಟ್ ಯಂತ್ರದಲ್ಲಿ ಒಬ್ಬರೇ ಹಾಡಿಕೊಂಡದ್ದನ್ನು ಬ್ಯಾಂಡ್ ಜೊತೆ ಸ್ಟುಡಿಯೊದಲ್ಲಿ ಮತ್ತೆ ಮಾಡಲು ಯತ್ನಿಸಿದರು, ಆ ಭಾವ ಬರಲಿಲ್ಲ, ಕ್ಯಾಸೆಟ್ಟನ್ನೇ ಬಿಡುಗಡೆ ಮಾಡಿದರು. ಆದರೆ ಅಲ್ಲಿ ಮುಖ್ಯವಾಗಿ ಇರುವುದು ಒಬ್ಬನೇ ಗಾಯಕ, ಒಂದು ಗಿಟಾರ್, ಒಂದಿಷ್ಟು ಹಾರ್ಮೋನಿಕಾ. ಡ್ರಮ್ಸ್ ಹೊತ್ತು ನಡೆಸುವ ಹಾಡಿಗೆ ಆ ಉಪಾಯ ನಡೆಯುವುದು ಕಷ್ಟ. ಕ್ಯಾಸೆಟ್ಟಿನಲ್ಲಿ ಮೊದಲು ಸಾಯುವುದು ಡ್ರಮ್ಸ್‌ನ ತಳ.

ಹಾಗಾಗಿ ನಿಮ್ಮ ಬ್ಯಾಂಡ್ ಹೀಗೆ ಮಾಡಲಿ. ಅಭ್ಯಾಸವನ್ನು ಮೊಬೈಲ್‌ನಲ್ಲಿ ಹಿಡಿಯಿರಿ. ಅದರಿಂದ ಹಾಡಿನ ಕಟ್ಟನ್ನು ಮಾತ್ರ ಪರೀಕ್ಷಿಸಿ: ಪಲ್ಲವಿ ಉದ್ದವಾಯಿತೇ, ಮಧ್ಯಭಾಗ ಬೇಕೇ. ಬಿಡುಗಡೆಗೆ ಅದು ಬೇಡ. ಡೆಮೊ ಮಾಡುವಾಗ ಪ್ರತಿ ವಾದ್ಯವನ್ನೂ ಬೇರೆ ಟ್ರ್ಯಾಕ್‌ನಲ್ಲಿ, 24 ಬಿಟ್‌ನಲ್ಲಿ (ಸಣ್ಣ ಸದ್ದನ್ನೂ ಚೆನ್ನಾಗಿ ಹಿಡಿಯುವ ಡಿಜಿಟಲ್ ಗುಣಮಟ್ಟ) ಮುದ್ರಿಸಿ, ಆ ಮೂಲ ಕಡತಗಳನ್ನು ಎರಡು ಕಡೆ ಕಾಪಾಡಿ. ‘ಪಾಲಿ’ಯನ್ನು ಮರುಮಿಕ್ಸ್ ಮಾಡಲು ಸಾಧ್ಯವಾದದ್ದು ಮೂಲ ಟೇಪ್ ಕೈಯಲ್ಲಿದ್ದುದರಿಂದ. ಮುಂದೆ ಸ್ಟುಡಿಯೊಗೆ ಹೋದಾಗ ಪ್ರತಿ ಹಾಡಿಗೂ ಹಳೆಯ ಮುದ್ರಣವನ್ನು ಶಬ್ದ ಸಮ ಮಾಡಿ ಪಕ್ಕದಲ್ಲಿಟ್ಟು ಕೇಳಿ. ಹೊಸದು ಸೋತರೆ ಹಳೆಯದನ್ನೇ ಮಿಕ್ಸಿಂಗ್‌ಗೆ ಕೊಡಿ. ಮಿಕ್ಸ್ ಮಾಡುವವರಿಗೆ ‘ಕಚ್ಚಾ ಇರಲಿ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಡ್ರಮ್ಸ್‌ಗೆ ಅನುರಣನ ಎಷ್ಟು, ದನಿ ಒಂದೇ ಪದರವೇ ಎರಡೇ, ಗಿಟಾರ್ ದನಿಗಿಂತ ಮುಂದೆಯೇ ಹಿಂದೆಯೇ ಎಂದು ಬಿಡಿಸಿ ಹೇಳಿ. ಒಣ ಮಿಕ್ಸ್ ಒಂದನ್ನೂ ದೊಡ್ಡ ಮಿಕ್ಸ್ ಒಂದನ್ನೂ ಮಾಡಿಸಿಕೊಂಡು, ವಾರ ಬಿಟ್ಟು ಬ್ಯಾಂಡಿನ ಎಲ್ಲರೂ ಕೂತು ಆರಿಸಿ. ಡ್ರಮ್ಮರ್ ಮಾತಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡಿ; ಆ ಎರಡು ಮಿಕ್ಸ್‌ಗಳ ನಡುವೆ ಅತಿ ಹೆಚ್ಚು ಬದಲಾಗುವುದು ಅವರ ವಾದ್ಯವೇ.